ಸಿನಿಮಾ ಮುಗಿದ ಮೇಲೆ ಕೋಚ್ ಬೂನ್ ಏನಾದ್ರು?

ಡೆನ್ಜೆಲ್ ವಾಷಿಂಗ್ಟನ್ ನಟಿಸಿರೋ ‘ರಿಮೆಂಬರ್ ದಿ ಟೈಟನ್ಸ್’ ಸಿನಿಮಾನ ನಿಮ್ಮಲ್ಲಿ ಕೆಲವರಾದ್ರೂ ನೋಡಿರ್ತೀರಿ. 2000ನೇ ಇಸವಿಯದ್ದು. ಇವತ್ತಿನ ಮಾತು ಆ ಪಾತ್ರದ ಹಿಂದಿದ್ದ ನಿಜವಾದ ಕೋಚ್ ಹರ್ಮನ್ ಬೂನ್ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ಇದು ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆಯಾಕಾರದ ಚೆಂಡನ್ನ ಕೈಯಲ್ಲಿ ಹಿಡಿದು ಓಡೋ ಅಮೆರಿಕದ ಆಟ. ಅಲ್ಲಿ ಎಷ್ಟೋ ಊರುಗಳಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಮ್ಯಾಚ್ ಅಂದ್ರೆ ಜಾತ್ರೆ ಇದ್ದ ಹಾಗೆ. ಗೆದ್ರೆ ಕೋಚ್ ದೇವರು, ಸೋತ್ರೆ ಬೈಗುಳ.

ಬೂನ್ ಹುಟ್ಟಿದ್ದು 1935ರಲ್ಲಿ, ನಾರ್ತ್ ಕ್ಯಾರೊಲಿನಾದ ರಾಕಿ ಮೌಂಟ್‌ನಲ್ಲಿ. ಅದೇ ರಾಜ್ಯದ ವಿಲಿಯಮ್‌ಸ್ಟನ್‌ನಲ್ಲಿ, ಕಪ್ಪು ಮಕ್ಕಳಿಗೆ ಅಂತಲೇ ಇದ್ದ ಶಾಲೆಯ ತಂಡಕ್ಕೆ ಒಂಬತ್ತು ವರ್ಷ ಕೋಚ್ ಆಗಿದ್ರು. 99 ಗೆಲುವು, ಬರೀ 8 ಸೋಲು. ಆಮೇಲೆ ಕಪ್ಪು-ಬಿಳಿ ಶಾಲೆಗಳನ್ನ ಒಂದು ಮಾಡೋ ಕಾಲ ಬಂತು. ಕಪ್ಪು ಮನುಷ್ಯ ಹೆಡ್ ಕೋಚ್ ಆಗೋದನ್ನ ಊರು ಒಪ್ಪಲ್ಲ ಅಂದ್ರು. 1969ರಲ್ಲಿ ಬೂನ್ ವರ್ಜೀನಿಯಾದ ಅಲೆಕ್ಸಾಂಡ್ರಿಯಾಗೆ ಬಂದು, ಟಿ.ಸಿ. ವಿಲಿಯಮ್ಸ್ ಹೈಸ್ಕೂಲ್‌ನಲ್ಲಿ ಅಸಿಸ್ಟೆಂಟ್ ಆಗಿ ಸೇರಿದ್ರು.

1971ರಲ್ಲಿ ಆ ನಗರದ ಮೂರು ಹೈಸ್ಕೂಲ್‌ಗಳ ಮೇಲಿನ ತರಗತಿ ಮಕ್ಕಳನ್ನೆಲ್ಲ ಇದೇ ಶಾಲೆಗೆ ಸೇರಿಸಿದ್ರು. ಹೆಡ್ ಕೋಚ್ ಬೂನ್. ಇನ್ನೊಂದು ಶಾಲೆಯಲ್ಲಿ ಹೆಡ್ ಕೋಚ್ ಆಗಿದ್ದ ಬಿಳಿಯ ಬಿಲ್ ಯೋಸ್ಟ್ ಈಗ ಅವರ ಕೈಕೆಳಗೆ. ನೋಡಿ, ವಿಲಿಯಮ್‌ಸ್ಟನ್‌ನಲ್ಲಿ ಬೂನ್ ಏನು ಕಳ್ಕೊಂಡ್ರೋ, ಇಲ್ಲಿ ಯೋಸ್ಟ್ ಅದನ್ನೇ ಕಳ್ಕೊಂಡ್ರು. ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಅದೇ.

ಗೆಟಿಸ್‌ಬರ್ಗ್‌ನಲ್ಲಿ ಕ್ಯಾಂಪ್ ಆಯ್ತು. ಆ ವರ್ಷ ಆಡಿದ 13 ಮ್ಯಾಚೂ ಗೆದ್ರು. ಸಿನಿಮಾದಲ್ಲಿ ಫೈನಲ್ ಕೊನೇ ಕ್ಷಣದವರೆಗೂ ಉಸಿರು ಹಿಡಿದು ನೋಡೋ ಥರ ಇದೆ. ನಿಜದಲ್ಲಿ 27-0, ಏಕಪಕ್ಷೀಯ! ಭಾಷಣದಿಂದಲೇ ಗೆದ್ರು ಅಂತ ಮಾತ್ರ ಅಂದ್ಕೋಬೇಡಿ. ಮೂರು ಶಾಲೆಗಳ ಒಳ್ಳೇ ಆಟಗಾರರೆಲ್ಲ ಒಂದೇ ತಂಡದಲ್ಲಿದ್ರು. ಅವರನ್ನ ಜಗಳ ಆಡದ ಹಾಗೆ ಆಡಿಸೋದೇ ಕಷ್ಟದ ಕೆಲಸವಾಗಿತ್ತು.

ತಂಡದ ಕ್ಯಾಪ್ಟನ್ ಗೆರಿ ಬರ್ಟಿಯರ್‌ಗೆ ಕಾರ್ ಅಪಘಾತ ಆಗಿದ್ದೂ ಸಿನಿಮಾ ತೋರಿಸೋ ಹಾಗೆ ಫೈನಲ್‌ಗೆ ಮುಂಚೆ ಅಲ್ಲ. ಸೀಸನ್ ಎಲ್ಲ ಮುಗಿದ ಮೇಲೆ, ಡಿಸೆಂಬರ್‌ನಲ್ಲಿ. ಸೊಂಟದ ಕೆಳಗೆ ಸ್ವಾಧೀನ ಹೋಯ್ತು. 1981ರಲ್ಲಿ ಇನ್ನೊಂದು ಅಪಘಾತದಲ್ಲಿ ತೀರಿಕೊಂಡ್ರು.

ಸಿನಿಮಾ ಅಲ್ಲಿಗೆ ಮುಗಿಯುತ್ತೆ, ಬೂನ್ ನೌಕರಿ ಮುಗಿಯಲಿಲ್ಲ. 1979ರಲ್ಲಿ ಅವರನ್ನ ಕೋಚ್ ಸ್ಥಾನದಿಂದ ತೆಗೆದ್ರು. ಆಟಗಾರರನ್ನ ಕೆಟ್ಟದಾಗಿ ನಡೆಸ್ಕೊಳ್ತಾರೆ ಅನ್ನೋ ಆರೋಪ ಇತ್ತು. ಪರದೆ ಮೇಲೆ ಡೆನ್ಜೆಲ್ ಕಿರುಚಿದಾಗ ನಾವು ಶಿಳ್ಳೆ ಹೊಡೀತೀವಿ. ಅದೇ ಗಟ್ಟಿತನ ದಿನಾ ಸಂಜೆ ಗ್ರೌಂಡಲ್ಲಿ ಹದಿನಾರು ವರ್ಷದ ಹುಡುಗನ ಮೇಲೆ ಬಿದ್ರೆ ಹೇಗಿರುತ್ತೆ? ಎರಡನ್ನೂ ಒಟ್ಟಿಗೆ ಇಟ್ಕೊಂಡು ನೋಡಿದ್ರೆ ಮಾತ್ರ ಬೂನ್ ಅರ್ಥ ಆಗ್ತಾರೆ ಅನ್ಸುತ್ತೆ ನನಗೆ.

ಸಿನಿಮಾ ಬಂದ ಮೇಲೆ ಅವರು ಊರೂರು ಸುತ್ತಿ ಭಾಷಣ ಮಾಡಿದ್ರು. ಯೋಸ್ಟ್, ಬೂನ್ ಇಬ್ಬರೂ 2019ರಲ್ಲೇ ತೀರಿಕೊಂಡ್ರು, ಮೇನಲ್ಲಿ ಒಬ್ಬರು, ಡಿಸೆಂಬರ್‌ನಲ್ಲಿ ಇನ್ನೊಬ್ಬರು.

ಅಂದಹಾಗೆ, ಆ ಶಾಲೆಗೆ ಹೆಸರಾಗಿದ್ದ ಟಿ.ಸಿ. ವಿಲಿಯಮ್ಸ್ ಯಾರು ಗೊತ್ತಾ? ಕಪ್ಪು-ಬಿಳಿ ಮಕ್ಕಳು ಒಟ್ಟಿಗೆ ಓದೋದನ್ನ ವಿರೋಧಿಸಿದ್ದ ಶಿಕ್ಷಣಾಧಿಕಾರಿ. 2021ರಲ್ಲಿ ಆ ಹೆಸರು ತೆಗೆದು ಅಲೆಕ್ಸಾಂಡ್ರಿಯಾ ಸಿಟಿ ಹೈಸ್ಕೂಲ್ ಅಂತ ಇಟ್ರು. ತಂಡದ ಹೆಸರು ಟೈಟನ್ಸ್ ಅಂತಲೇ ಉಳ್ಕೊಂಡಿದೆ.