ನೆರಳಿನಲ್ಲಿ ಮಾಗಿದ ರುಚಿ: ಎಸ್. 795ರ ಕಥೆ

(ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನ ಅರೇಬಿಕಾ ತೋಟಗಳಲ್ಲಿ ಎಸ್. 795 ಎಂಬ ತಳಿಯನ್ನು ಅರಿಯದವರಿಲ್ಲ. ಇಂದು ಹಲವೆಡೆ ಇದನ್ನು ಕಿತ್ತು ರೊಬಸ್ಟಾ ನೆಡಲಾಗುತ್ತಿದೆ. ಕೀಳುವ ಮುನ್ನ ಈ ಗಿಡ ಎಲ್ಲಿಂದ ಬಂದಿತು, ಅದರ ರುಚಿಗೆ ಕಾರಣವೇನು ಎಂದು ಒಮ್ಮೆ ಯೋಚಿಸೋಣ ಎಂಬುದೇ ನನ್ನ ವಿನಂತಿ.

ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜಗಳನ್ನು ತಂದರೆಂಬ ಐತಿಹ್ಯ ನಮಗೆಲ್ಲ ತಿಳಿದದ್ದೇ. ಆ ಕಾಲದ ಹಳೆಯ ತಳಿಗಳು ಎಲೆತುಕ್ಕು ರೋಗವನ್ನು ತಾಳಲಾರದೆ ಹೋದವು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಈ ಶಿಲೀಂಧ್ರ ಅಲ್ಲಿನ ಕಾಫಿಯನ್ನೇ ಅಳಿಸಿ ಚಹಾಕ್ಕೆ ದಾರಿ ಮಾಡಿತು. ನಮ್ಮ ಘಟ್ಟಗಳೂ ಅದರಿಂದ ಪಾರಾಗಲಿಲ್ಲ. 1911ರಲ್ಲಿ ಮೈಸೂರು ಸೀಮೆಯ ಎಲ್. ಪಿ. ಕೆಂಟ್ ಎಂಬ ತೋಟಗಾರ ರೋಗವನ್ನು ಎದುರಿಸಿ ನಿಂತ ಗಿಡವೊಂದನ್ನು ಗುರುತಿಸಿ ಅದರ ಬೀಜವನ್ನು ಬೆಳೆಸಿದ. ಅದೇ ‘ಕೆಂಟ್’ ತಳಿ. ಕೆಲವು ವರ್ಷಗಳಲ್ಲಿ ಶಿಲೀಂಧ್ರದ ಹೊಸ ಪ್ರಭೇದ ಹುಟ್ಟಿ ಅದನ್ನೂ ಮಣಿಸಿತು.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. ಅರೇಬಿಕಾ ಮತ್ತು ಲೈಬೀರಿಕಾಗಳ ನಡುವೆ ನಿಸರ್ಗದಲ್ಲೇ ಆದ ಸಂಕರದ ಸಂತತಿಯಾದ ಎಸ್. 288ನ್ನು ವಿಜ್ಞಾನಿಗಳು ಅಲ್ಲಿ ಕೆಂಟ್‌ನೊಡನೆ ಕೂಡಿಸಿದರು. ಲೈಬೀರಿಕಾದ ಗಟ್ಟಿತನಕ್ಕೆ ಕೆಂಟ್‌ನ ರುಚಿ ಸೇರಿತು. 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಎಸ್. 795 ಮುಂದೆ ಇಂಡೋನೇಷ್ಯಾಕ್ಕೂ ಹೋಗಿ ಅಲ್ಲಿ ‘ಜೆಂಬರ್’ ಎಂಬ ಹೆಸರು ಪಡೆಯಿತು.

ಇದರ ಬಟ್ಟಲಿನಲ್ಲಿ ಹದವಾದ ಹುಳಿ, ತುಂಬು ಸ್ವಾದ, ಮೋಕಾ ಕಾಫಿಯನ್ನು ನೆನಪಿಸುವ ನವಿರಾದ ಪರಿಮಳ ಇವೆ. ಆದರೆ ಈ ಗುಣ ಬೀಜವೊಂದರಿಂದಲೇ ಬಂದದ್ದಲ್ಲ. ಎತ್ತರದ ತಂಪಿನಲ್ಲಿ, ಮರದ ನೆರಳಿನಲ್ಲಿ ಹಣ್ಣು ನಿಧಾನವಾಗಿ ಮಾಗಬೇಕು. ಕೆಂಪಾದ ಹಣ್ಣನ್ನಷ್ಟೇ ಬಿಡಿಸಿ, ತಡಮಾಡದೆ ಸಿಪ್ಪೆ ಸುಲಿದು, ಹದವರಿತು ಒಣಗಿಸಬೇಕು. 2019ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಮತ್ತು ಕೊಡಗಿನ ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಲ್ಲಿ ಮಾನ್ಯತೆ ಸಂದದ್ದು ಊರಿನ ಹೆಸರಿಗೆ, ತಳಿಯ ಸಂಖ್ಯೆಗಲ್ಲ ಎಂಬುದನ್ನು ಗಮನಿಸಬೇಕು.

ಆ ಬೆಟ್ಟದ ಗುಣವನ್ನೇ ನಾವು ಕಳೆಯುತ್ತಿದ್ದೇವೆ. ಅತ್ತಿ, ಬಸರಿ, ಗೋಣಿ, ಹಲಸು, ನಂದಿಗಳಿದ್ದ ಕಡೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಸಾಲುಗಟ್ಟಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮರವಾಗಿಯೂ ಮಾರಾಟವಾಗುತ್ತದೆ. ಆದರೆ ಹಕ್ಕಿಗೆ ಅತ್ತಿಯ ಹಣ್ಣನ್ನು ಅದು ಕೊಡಲಾರದು. ನೆರಳು ತೆಳುವಾಗಿ ಬಿಸಿಲು ಬಿದ್ದ ಕಾಂಡಗಳಲ್ಲಿ ಬಿಳಿ ಕಾಂಡಕೊರಕದ ಹಾವಳಿ ಹೆಚ್ಚುತ್ತದೆ.

ಎಸ್. 795ರ ರೋಗನಿರೋಧ ಶಕ್ತಿಯೂ ಕಾಲಕ್ರಮದಲ್ಲಿ ಕುಗ್ಗಿದೆ. ದೇಶದ ಕಾಫಿಯಲ್ಲಿ ಶೇ. 70ರ ಆಸುಪಾಸು ರೊಬಸ್ಟಾ ಆಗಿರುವುದಕ್ಕೆ ಕಾರಣಗಳಿವೆ. ಸಾಲ ತೀರಿಸಬೇಕಾದ ಸಣ್ಣ ಬೆಳೆಗಾರನನ್ನು ದೂರುವುದು ನ್ಯಾಯವಲ್ಲ. ಆದರೂ ನಮ್ಮ ಕೈಯಲ್ಲಿರುವ ಎರಡು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಕೀಳುವ ಮುನ್ನ ತೋಟವನ್ನು ಒಮ್ಮೆ ಸುತ್ತಿ ನೋಡಿ. ರೋಗದ ನಡುವೆಯೂ ಹಸಿರಾಗಿ ನಿಂತ ಹಳೆಯ ಗಿಡವಿದ್ದರೆ ಗುರುತು ಹಾಕಿ, ಬೀಜ ಉಳಿಸಿ. ಅರೇಬಿಕಾ ಬಹುಪಾಲು ಸ್ವಪರಾಗಸ್ಪರ್ಶದ ಗಿಡವಾದ್ದರಿಂದ ತಾಯಿಯ ಗುಣ ಮಕ್ಕಳಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಕೆಂಟ್ ಮಾಡಿದ್ದೂ ಇಷ್ಟನ್ನೇ. ಎರಡನೆಯದು, ನೆರಳು ಸವರುವ ಕಾಲದಲ್ಲಿ ಕೊಂಬೆ ಕಡಿಯಿರಿ, ಕಾಡುಮರವನ್ನು ಬುಡಸಹಿತ ತೆಗೆಯಬೇಡಿ. ಗಿಡ ಸತ್ತರೆ ನಾಲ್ಕೈದು ವರ್ಷಗಳಲ್ಲಿ ಇನ್ನೊಂದು ಫಲ ಕೊಟ್ಟೀತು. ಗೋಣಿಮರದ ನೆರಳು ಮತ್ತೆ ಬೇಕಾದರೆ ನಮ್ಮ ಮೊಮ್ಮಕ್ಕಳು ಕಾಯಬೇಕಾಗುತ್ತದೆ.