ಪಹಣಿಯಲ್ಲಿಲ್ಲದ ಕಡಲು



ಕಾರವಾರದಿಂದ ಅಂಕೋಲಾದತ್ತ ಹೆದ್ದಾರಿಯಲ್ಲಿ ಸಾಗುವಾಗ ನಮಗೂ ಕಡಲಿಗೂ ನಡುವೆ ನೌಕಾನೆಲೆಯ ಗೋಡೆ ಅಡ್ಡ ಬರುತ್ತದೆ. ಅದರಾಚೆಗಿರುವುದು ಅರಗಾದ ತೀರ. ಒಂದು ಕಾಲದಲ್ಲಿ ಅಲ್ಲಿ ಮೀನುಗಾರರ, ರೈತರ ಮನೆಗಳಿದ್ದವು.

1986ರಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ಯೋಜನೆಗೆ ಶಿಲಾನ್ಯಾಸ ನೆರವೇರಿಸಿದರು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಈ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ 4,000ಕ್ಕೂ ಅಧಿಕ ಕುಟುಂಬಗಳು ಹುಟ್ಟಿದ ನೆಲವನ್ನು ತೊರೆದವು. ಅವರಿಗೆ ಉಳಿದ ಹೆಸರು ‘ಸೀಬರ್ಡ್ ನಿರಾಶ್ರಿತರು’ ಎಂಬುದು.

ದೇಶಕ್ಕೆ ರಕ್ಷಣೆ ಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ದೇಶಕ್ಕಾಗಿ ನೆಲ ಬಿಟ್ಟುಕೊಟ್ಟವರು ತಕ್ಕ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆಯಬೇಕಾಯಿತು. ಇದು ಯಾವ ನ್ಯಾಯ?

ಭೂಮಿಗೆ ಗುಂಟೆಯ ಲೆಕ್ಕದಲ್ಲಿ ಬೆಲೆ ಕಟ್ಟಬಹುದು. ಅಂಗಳದಿಂದಲೇ ದೋಣಿಗಿಳಿಯುತ್ತಿದ್ದವನ ಕಡಲು ಯಾವ ಪಹಣಿಯಲ್ಲಿತ್ತು? ಅಕ್ಕಪಕ್ಕದ ಮನೆಗಳ ಒಡನಾಟವನ್ನು ಯಾವ ಅಧಿಕಾರಿ ಅಳೆದನು? ಪುನರ್ವಸತಿಯ ನಿವೇಶನ ಹಂಚಿಕೆಯಾಗುತ್ತದೆ, ಊರು ಹಂಚಿಕೆಯಾಗುವುದಿಲ್ಲ.

ನೌಕಾನೆಲೆಯಲ್ಲಿ ನಿಂತ ಹಡಗುಗಳನ್ನು ನಮ್ಮ ಮಕ್ಕಳಿಗೆ ಹೆಮ್ಮೆಯಿಂದಲೇ ತೋರಿಸೋಣ. ಅವು ನಿಂತಿರುವುದು ಯಾರ ತೀರದಲ್ಲಿ ಎಂಬುದನ್ನೂ ಅವರಿಗೆ ಹೇಳೋಣ. ಋಣವನ್ನು ಮರೆತ ಸಮಾಜ ಅದನ್ನು ತೀರಿಸುವುದು ಎಂದಿಗೆ?