ವಿದ್ಯುತ್ ಸ್ಕೂಟರು ಮತ್ತು ಮನೆಯ ಬಿಲ್ಲು

ಕೊಪ್ಪಳದ ನಮ್ಮ ಬಂಧುಗಳೊಬ್ಬರು ವಿದ್ಯುತ್ ಸ್ಕೂಟರನ್ನು ಮನೆಗೆ ತಂದ ದಿನ ಓಣಿಯವರೆಲ್ಲ ಅದರ ಬಣ್ಣವನ್ನೂ ವೇಗವನ್ನೂ ವಿಚಾರಿಸಿದರು. ಮನೆಯಾಕೆ ಮಾತ್ರ, “ಏನ್ರೀ, ಇದನ್ನ ಎಲ್ಲಿ ಹಚ್ಚೋದು? ಬಿಲ್ ಎಷ್ಟ ಬರತೈತ್ರಿ?” ಎಂದು ಕೇಳಿದರು. ಕೇಳತಕ್ಕ ಪ್ರಶ್ನೆ ಅದೇ.

ಮೂರು ಯೂನಿಟ್ಟು ಹಿಡಿಯುವ ಬ್ಯಾಟರಿಯ ಸ್ಕೂಟರು ನಮ್ಮ ರಸ್ತೆಗಳಲ್ಲಿ ಸುಮಾರು 90 ಕಿಲೋಮೀಟರು ಓಡಬಲ್ಲುದು. ದಿನಕ್ಕೆ 30 ಕಿಲೋಮೀಟರು ತಿರುಗುವವರಿಗೆ ತಿಂಗಳಿಗೆ 35 ಯೂನಿಟ್ಟು ಸಾಕು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 245 ರೂಪಾಯಿ. ಅಷ್ಟೇ ದೂರಕ್ಕೆ ಪೆಟ್ರೋಲು 20 ಲೀಟರಾದರೂ ಬೇಕು. ಅದಕ್ಕೆ ಎರಡು ಸಾವಿರ ರೂಪಾಯಿ.

ಆದರೆ ಇಲ್ಲೊಂದು ತೊಡಕುಂಟು. ಅಂಗಡಿಯವರು ಅದನ್ನು ಹೇಳುವುದು ಅಪರೂಪ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ, 2022–23ರ ಸರಾಸರಿ ಬಳಕೆಗೆ ತುಸು ಸೇರಿಸಿ ಪ್ರತಿ ಮನೆಗೂ ಉಚಿತ ವಿದ್ಯುತ್ತಿನ ಮಿತಿಯನ್ನು ಗೊತ್ತುಮಾಡಲಾಯಿತು. ಮಿತಿ ಮೀರಿದಷ್ಟಕ್ಕೆ ಹಣ ತೆರಬೇಕು. ತಿಂಗಳ ಬಳಕೆ 200 ಯೂನಿಟ್ಟು ದಾಟಿತೆಂದರೆ ಇಡೀ ಬಿಲ್ಲನ್ನೇ ತೆರಬೇಕು. ಅರವತ್ತು ಯೂನಿಟ್ಟಿನ ಮನೆಗೆ ಇದು ದೊಡ್ಡ ಮಾತಲ್ಲ. ಆದರೆ ಬೇಸಿಗೆಯಲ್ಲಿ 180 ಯೂನಿಟ್ಟು ಉರಿಸುವ ಮನೆಗೆ ಸ್ಕೂಟರು ಬಂದರೆ ಬಳಕೆ 215 ಆಗುತ್ತದೆ. ಸೊನ್ನೆಯಿದ್ದ ಬಿಲ್ಲು ಒಮ್ಮೆಲೇ ಸಾವಿರದೈನೂರರ ಹತ್ತಿರ ಬರುತ್ತದೆ; ಪೆಟ್ರೋಲಿನ ಉಳಿತಾಯದ ಬಹುಭಾಗ ಅಲ್ಲಿಗೇ ಹೋಯಿತು. ಆದುದರಿಂದ ಸ್ಕೂಟರಿನ ಅಂಗಡಿಗೆ ಹೋಗುವ ಮೊದಲು ಹಳೆಯ ಹನ್ನೆರಡು ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂಡಿರಿ.

ಇನ್ನು ಪ್ಲಗ್ಗು. ಸ್ವಂತ ಅಂಗಳವಿದ್ದವರಿಗೆ ಚಿಂತೆಯಿಲ್ಲ. ಒಳ್ಳೆಯ ಅರ್ಥಿಂಗ್ ಇರಲಿ. ಮಾಳಿಗೆಯ ಬಾಡಿಗೆಯವರು ಕಿಟಕಿಯಿಂದ ತಂತಿ ಇಳಿಬಿಡುವುದನ್ನು ಕಂಡಿದ್ದೇನೆ, ಅದೂ ಮಳೆಗಾಲದಲ್ಲಿ! ಅಂಥವರು ಬ್ಯಾಟರಿಯನ್ನು ಬಿಚ್ಚಿ ಒಳಗೊಯ್ಯಲು ಬರುವ ಗಾಡಿಯನ್ನೇ ಕೊಳ್ಳುವುದು ಲೇಸು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಓಡಿಸಿ ಬಂದೊಡನೆ ಚಾರ್ಜಿಗೆ ಹಚ್ಚಬಾರದು. ಶಾಖವು ಬ್ಯಾಟರಿಯ ಆಯುಷ್ಯವನ್ನು ತಿನ್ನುತ್ತದೆ. ಊಟವಾದ ಮೇಲೆ ಹಚ್ಚಿದರೆ ಬೆಳಗಿನೊಳಗೆ ತುಂಬಿರುತ್ತದೆ, ನಡುವೆ ಕರೆಂಟು ಒಂದು ತಾಸು ಹೋದರೂ.

ದೂರದ ಮಾತು ಬೇರೆ. ಕೊಪ್ಪಳದಿಂದ ಯಲಬುರ್ಗಿಗೆ ಹೋಗಿ ಬರಬಹುದು. ಗಂಗಾವತಿ ಸುಮಾರು 45 ಕಿಲೋಮೀಟರು. ಅಲ್ಲಿ ನೆಂಟರ ಮನೆಯಲ್ಲಿ ಎರಡು ತಾಸು ಚಾರ್ಜಿಗೆ ಹಚ್ಚಿದರೆ ಧೈರ್ಯ. ಕುಷ್ಟಗಿಗೆ ಹೋಗಿ ಬರಲು 120 ಆಗುತ್ತದೆ. ನಮ್ಮ ಬಂಧುಗಳು ಅಲ್ಲಿಯ ಮದುವೆಗಳಿಗೆ ಈಗಲೂ ಬಸ್ಸಿನಲ್ಲಿಯೇ ಹೋಗುತ್ತಾರೆ.